ಮುಳ್ಳಿನ ಪಕ್ಕದ ಮುಖ

ಸರ್ವಮಂಗಳ ಮುಖ ನೋಡಿ ತೂಕ ಹೇಳುವವಳಲ್ಲ. ಪಾಲಿಬೆಟ್ಟದ ಆಚೆಯ ಆ ಕಾಫಿ ತೋಟದಲ್ಲಿ ಇದು ಎಲ್ಲರ ಬಾಯಲ್ಲೂ ಇದ್ದ ಮಾತು. ನಿಜ ಹೇಳಬೇಕೆಂದರೆ ಅವಳ ಬಾಯಲ್ಲೂ ಆಗಾಗ ಬರುತ್ತಿತ್ತು. ಶನಿವಾರಸಂತೆ ಕಡೆಯ ಹೆಂಗಸು. ಗಂಡ ಇದೇ ತೋಟದ ಟ್ರ್ಯಾಕ್ಟರ್ ಓಡಿಸುತ್ತಿದ್ದಾಗ ಬಂದವಳು, ಅವನು ತೀರಿಕೊಂಡ ಮೇಲೂ ಇಲ್ಲೇ ಉಳಿದಳು. ಕೊಯ್ಲಿನ ದಿನಗಳಲ್ಲಿ ಸಂಜೆ ತೂಕ ಓದುವುದು ಅವಳ ಕೆಲಸ.

ಆ ತೋಟದಲ್ಲಿ ತೂಗುವ ರೀತಿ ಹೀಗೆ. ಇಬ್ಬರು ಗಂಡಾಳುಗಳು ಒಂದು ಬಿದಿರಿನ ಗಳವನ್ನು ಹೆಗಲಿಗೆ ಕೊಡುತ್ತಾರೆ. ಮುಂದಿನವನ ಹೆಗಲಿಗೆ ಹತ್ತಿರವಾಗಿ ಗಡಿಯಾರದಂಥ ತಕ್ಕಡಿ ನೇತಾಡುತ್ತದೆ, ಅದರ ಕೊಕ್ಕೆಗೆ ಹಣ್ಣಿನ ಚೀಲ. ಮುಳ್ಳು ನಿಂತ ಕೂಡಲೇ ಸರ್ವಮಂಗಳ ಕೂಗಬೇಕು, ರೈಟರ್ ಕೆಂಪಣ್ಣ ಬರೆದುಕೊಳ್ಳಬೇಕು. ಮುಖ ನೋಡಿದರೆ ಕರುಣೆ ಬರುತ್ತದೆ ಅಥವಾ ಸಿಟ್ಟು ಬರುತ್ತದೆ, ಎರಡೂ ತೂಕಕ್ಕೆ ಒಳ್ಳೆಯದಲ್ಲ ಎಂದು ಅವಳ ತೀರ್ಮಾನ. ಹಾಗಾಗಿ ಕನ್ನಡಕ ಏರಿಸಿ ಮುಳ್ಳಿಗೆ ಕಣ್ಣು ನೆಟ್ಟಳೆಂದರೆ ಕೊನೆಯ ಚೀಲ ಇಳಿಯುವವರೆಗೂ ತಲೆ ಎತ್ತುತ್ತಿರಲಿಲ್ಲ. ನ್ಯಾಯ ಅನ್ನಿ, ಹಟ ಅನ್ನಿ, ಮುಂದಿನ ಪಜೀತಿಗೆಲ್ಲ ಅದೇ ಮೂಲ.

ಕೊಯ್ಲು ಮುಗಿಯುತ್ತಾ ಬಂದಾಗ ಕಣದಿಂದ ಒಣ ಕಾಫಿಯ ಮೂಟೆಯೊಂದು ಕಾಣೆಯಾಯಿತು. ಹಿಂದಿನ ಮುಸ್ಸಂಜೆ ಮನೆಗೆ ಹೋಗುವಾಗ ಸರ್ವಮಂಗಳ, ಕಣದ ಆಚೆ ಬದಿಯಲ್ಲಿ ಯಾರೋ ಮೂಟೆ ಹೊತ್ತು ನಡೆಯುವುದನ್ನು ಕಂಡಿದ್ದಳು. ತೋಟದ ಕೆಲಸವೇ ಇರಬೇಕೆಂದು ಸುಮ್ಮನಾಗಿದ್ದಳು. ಮ್ಯಾನೇಜರ್ ಶಿವಪ್ರಕಾಶ್ ಗಂಡಾಳುಗಳನ್ನೆಲ್ಲ ಆಫೀಸಿನ ಮುಂದೆ ಸಾಲಾಗಿ ನಿಲ್ಲಿಸಿ ಅವಳನ್ನು ಕರೆಸಿದರು. ಒಂದೊಂದೇ ಮುಖ ದಾಟುತ್ತಾ ಬಂದವಳು ಒಬ್ಬನ ಮುಂದೆ ನಿಂತುಬಿಟ್ಟಳು. ಈ ಮುಖವನ್ನು ತಾನು ನೋಡಿದ್ದೇನೆ, ಅದರಲ್ಲಿ ಎರಡು ಮಾತಿಲ್ಲ!

"ಇವನೇ ಸಾರ್," ಎಂದಳು. "ಮೂಟೆ ಹೊತ್ಕೊಂಡು ಕೆಳತುಟಿ ಕಚ್ಕೊಂಡಿದ್ದ."

ಅವನ ಹೆಸರು ಚಿನ್ನ. ಹೊರೆ ಹೊತ್ತಾಗ ತುಟಿ ಕಚ್ಚುವುದು ಅವನ ಅಭ್ಯಾಸವೆಂದು ತೋಟಕ್ಕೆಲ್ಲ ಗೊತ್ತು. ಇನ್ನೇನು ಬೇಕು? ಆ ಹೊತ್ತಿನಲ್ಲಿ ಆಳುಗಳ ಲೈನ್ ಮನೆಯಲ್ಲಿದ್ದೆ ಎಂದು ಅವನು ಹೇಳಿದ, ಹೆಂಡತಿಯೂ ಹೇಳಿದಳು. ಹೆಂಡತಿಯ ಸಾಕ್ಷಿಯನ್ನು ಯಾರು ಕೇಳುತ್ತಾರೆ! ಮರುದಿನ ಸಂಜೆಯೊಳಗೆ ಹೆಂಡತಿ ಮಕ್ಕಳ ಸಮೇತ ಲೈನ್ ಖಾಲಿ ಮಾಡಬೇಕು, ಜೀಪು ಪೊನ್ನಂಪೇಟೆವರೆಗೆ ಬಿಟ್ಟು ಬರುತ್ತದೆ ಎಂದು ಶಿವಪ್ರಕಾಶ್ ಹೇಳಿದರು. ಚಿನ್ನ ಅವರ ಕಡೆ ತಿರುಗಲಿಲ್ಲ. ಸರ್ವಮಂಗಳಳನ್ನೇ ನೋಡುತ್ತಾ ಒಂದೇ ಮಾತು ಕೇಳಿದ.

"ನಾನ್ಯಾರು ಅಂತ ನಿಮ್ಗೆ ಗೊತ್ತಿಲ್ವಾ ಅಕ್ಕಾ?"

ಕದ್ದದ್ದಲ್ಲದೆ ಸೊಕ್ಕು ಬೇರೆ ಎಂದುಕೊಂಡು ಅವಳು ಮನೆಗೆ ಹೋದಳು.

ಮರುದಿನ ಸಂಜೆ ಎಂದಿನಂತೆ ತೂಕ ಶುರುವಾಯಿತು. ಮುಳ್ಳು ನಿಂತಿತು, ಓದಿದಳು. ಯಾಕೋ ನಂಬಿಕೆ ಬರಲಿಲ್ಲ, ಮತ್ತೊಮ್ಮೆ ಓದಿದಳು. ಸಂಖ್ಯೆ ಸರಿಯಾಗಿಯೇ ಇತ್ತು. ಆದರೂ ಏನೋ ಕಳೆದುಹೋದ ಹಾಗೆ, ದಿನಾ ನೋಡುವ ಗೋಡೆಯಿಂದ ಕ್ಯಾಲೆಂಡರ್ ತೆಗೆದಿಟ್ಟ ಹಾಗೆ ಅನ್ನಿಸಿತು. ಮೂರನೆಯ ಚೀಲಕ್ಕೂ ಅದೇ ಕಸಿವಿಸಿ. ಕೊನೆಗೆ, ವರ್ಷಗಳಲ್ಲಿ ಮೊದಲ ಸಲ, ತೂಕದ ನಡುವೆ ತಲೆ ಎತ್ತಿದಳು. ತಕ್ಕಡಿಯಿಂದ ಗೇಣು ಮೇಲೆ, ಗಳ ಹೊತ್ತವನ ಮುಖ. ಗುರುತಿಲ್ಲದ ಮುಖ.

ಇವನು ಯಾರು, ಮೊದಲು ಇಲ್ಲಿ ಯಾರಿದ್ದರು ಎಂದು ಕೆಂಪಣ್ಣನನ್ನು ಕೇಳಿದಳು. ಅವನಿಗೆ ನಗು ಬಂತು.

"ಚಿನ್ನ ಅಲ್ವಾ ಮಂಗಳಕ್ಕ? ಇಡೀ ಸೀಸನ್ ನಿಮ್ಮ ಮೂಗಿನ ಮುಂದೇ ನಿಂತಿದ್ನಲ್ಲ."

ಹೆದರಿಕೆಯ ಜೊತೆಗೇ ವಿಚಿತ್ರ ಕುತೂಹಲವೊಂದು ಅವಳನ್ನು ಹಿಡಿದುಕೊಂಡಿತು. ಹಾಗಾದರೆ ಗಳದ ಹಿಂದಿನ ತುದಿ ಹಿಡಿಯುತ್ತಿದ್ದವನು ಯಾರು? ಇವತ್ತೂ ಅವನೇ ಹಿಡಿದಿದ್ದಾನೆ, ಚಂದ್ರು ಎಂದು ಕೆಂಪಣ್ಣ ತೋರಿಸಿದ. ಸರ್ವಮಂಗಳ ಹತ್ತಿರ ಹೋಗಿ, ಆ ಬಡಪಾಯಿಗೆ ನಾಚಿಕೆಯಾಗುವಷ್ಟು ಹೊತ್ತು ನೋಡಿದಳು. ಅಮ್ಮತ್ತಿ ಸಂತೆಯಲ್ಲಿ ಎದುರಾದರೆ ಪಕ್ಕಕ್ಕೆ ಸರಿದು ಹೋಗುತ್ತಿದ್ದಳು, ಅಷ್ಟು ಅಪರಿಚಿತ; ನಿನ್ನೆಯ ಸಾಲಿನಲ್ಲಿ ಅವನನ್ನು ದಾಟಿದ್ದೂ ನೆನಪಾಗಲಿಲ್ಲ. ಅದೇ ಗಳ, ಅದೇ ಸಂಜೆಗಳು, ಇವಳು ನೋಡದ ಎರಡು ಮುಖ. ಕಣ್ಣು ಎಲ್ಲಿ ನೆಟ್ಟಿತ್ತೋ ಅದರ ಪಕ್ಕದ ಮುಖ ಹೇಳದೆ ಕೇಳದೆ ಒಳಗೆ ಬಂದು ಕೂತಿತ್ತು. ದೂರದ್ದು ಹೊರಗೇ ಉಳಿದಿತ್ತು. ಅಲ್ಲ, ತನ್ನ ತಲೆಯೊಳಗೆ ತನಗೇ ತಿಳಿಯದಂತೆ ಯಾರು ಯಾರು ವಾಸವಾಗಿದ್ದಾರೆ?

ಈಗ ತುಟಿಯ ನೆನಪಾಯಿತು. ಕಣದ ಆಚೆ ಬದಿ, ಮುಸ್ಸಂಜೆ, ಅಷ್ಟು ದೂರದಿಂದ ಕಚ್ಚಿದ ತುಟಿ ಕಂಡದ್ದಾದರೂ ಹೇಗೆ?

ತೂಕ ಅಷ್ಟಕ್ಕೇ ಬಿಟ್ಟು, ಕೆಂಪಣ್ಣನನ್ನೂ ಚಂದ್ರುವನ್ನೂ ಕರೆದುಕೊಂಡು ಅವಳು ಹೊರಟಳು. ಸಾಲಿನಲ್ಲಿದ್ದ ಹೆಂಗಸರು ಗೊಣಗಿದರು. ಲೈನಿನ ಮುಂದೆ ಜೀಪು ನಿಂತಿತ್ತು, ಪಾತ್ರೆಗಂಟು ಆಗಲೇ ಏರಿತ್ತು. ಶಿವಪ್ರಕಾಶರನ್ನು ಹಿಡಿದು ಕಣಕ್ಕೆ ಕರೆತಂದು, ತಾನು ಅಂದು ನಿಂತಿದ್ದ ಮೆಣಸಿನ ಬಳ್ಳಿಯ ಮರದ ಹತ್ತಿರ ನಿಲ್ಲಿಸಿದಳು. ಕೆಂಪಣ್ಣನನ್ನೂ ಚಂದ್ರುವನ್ನೂ ಆಚೆ ಬದಿಗೆ ಕಳಿಸಿ, ಒಬ್ಬರು ಮೂಟೆ ಹೊತ್ತು ಬನ್ನಿ ಎಂದಳು. ಕತ್ತಲಾಗುತ್ತಿತ್ತು. ಶಿವಪ್ರಕಾಶ್ ಕಣ್ಣು ಕಿರಿದು ಮಾಡಿ ನೋಡಿದರು. ತುಟಿಯ ಮಾತು ಹಾಗಿರಲಿ, ನಡೆಯುತ್ತಿರುವುದು ಯಾರೆಂದೇ ಅವರಿಗೆ ತಿಳಿಯಲಿಲ್ಲ.

ಹಾಗಾದರೆ ನೀವು ನೋಡಿದ್ದು ಯಾರನ್ನು ಎಂದು ಅವರು ಸಿಟ್ಟಿನಿಂದಲೇ ಕೇಳಿದರು.

"ಹೆಗಲು ನೋಡ್ದೆ ಸಾರ್, ಮೂಟೆ ನೋಡ್ದೆ. ಮುಖ ನನ್ನ ತಲೇನೇ ತಂದು ಅಂಟಿಸ್ತು. ತಪ್ಪು ನಂದು, ಅವ್ರನ್ನ ಇಳಿಸಿ."

ನಾಳೆಯಿಂದ ನಿಮ್ಮ ತೂಕವನ್ನೂ ಜನ ನಂಬುವುದಿಲ್ಲ, ಯೋಚನೆ ಮಾಡಿ ಎಂದರು. ಯೋಚನೆ ಮಾಡಿಯೇ ಬಂದೆ ಎಂದಳು. ಜೀಪಿನಿಂದ ಗಂಟುಗಳು ಇಳಿದವು. ಚಿನ್ನನ ಹೆಂಡತಿ ಪಾತ್ರೆಗಳನ್ನು ಒಳಗೆ ಸಾಗಿಸಿದಳು. ಸರ್ವಮಂಗಳ ಒಂದಕ್ಕೆ ಕೈ ಹಾಕಿದಾಗ ಅದನ್ನೂ ಅವಳ ಕೈಯಿಂದ ತೆಗೆದುಕೊಂಡಳು.

ಕಳ್ಳ ಸಿಕ್ಕಲಿಲ್ಲ. ಮರುದಿನದ ತೂಕದಲ್ಲಿ ಕೆಲವರು ಅವಳ ಭುಜದ ಮೇಲಿಂದ ಬಗ್ಗಿ ತಾವೇ ಮುಳ್ಳು ನೋಡಿದರು. ಅವಳು ಬೇಡವೆನ್ನಲಿಲ್ಲ. ಮೊದಲು ಚಿನ್ನನ ಮುಖ ನೋಡಬೇಕು, ಹೆಸರು ಹಿಡಿದು ಮಾತಾಡಿಸಬೇಕು, ಆಮೇಲೆ ಮುಳ್ಳು ಎಂದು ನಿಶ್ಚಯಿಸಿಕೊಂಡು ಬಂದಿದ್ದಳು. ತಲೆ ಎತ್ತಿದಳು. ತಕ್ಕಡಿಯ ಪಕ್ಕದಲ್ಲಿ ಚಂದ್ರು ನಿಂತಿದ್ದ.

ಚಿನ್ನ ತಾನಾಗಿಯೇ ಗಳದ ಹಿಂದಿನ ತುದಿಗೆ ಹೋಗಿದ್ದ. ಚೀಲದ ಮರೆಯಲ್ಲಿ ಅವನ ಮುಖ ಕಾಣುತ್ತಿರಲಿಲ್ಲ.