ತುಂಡಾದ ನೂಲು, ನೆಟ್ಟಗಿನ ಗೆರೆ

ಕಳೆದ ವಾರ ನಾನು ಕೆಲಸ ಮಾಡುವ ಕಾಲೇಜಿನ ಲ್ಯಾಬಿನಲ್ಲಿ ಜಗತ್ತಿನ ಅತಿ ಗಟ್ಟಿ ನೂಲು ಪತ್ತೆಯಾಯಿತು. ಎಷ್ಟು ಗಟ್ಟಿ ಎಂದರೆ, ತುಂಡಾಗಿ ಜೋತುಬಿದ್ದ ಮೇಲೂ ಅದು ಭಾರ ಹೊತ್ತೇ ಇತ್ತು. ಇದು ನನ್ನ ಮಾತಲ್ಲ, ಕಂಪ್ಯೂಟರಿನದು. ಅದೂ ಹೊಸ ಕಂಪ್ಯೂಟರು.

ನಗಬೇಡಿ. ಆ ನೂಲಿನ ಒಡತಿ ನನ್ನ ಎದುರಿಗೇ ಕೂತಿದ್ದರು.

ಮಹಾದೇವಕ್ಕ ರಬಕವಿಯವರು. ಮನೆಯ ಮುಂಭಾಗದಲ್ಲಿ ನಾಲ್ಕು ಪವರ್‌ಲೂಮ್ ಹಾಕಿಕೊಂಡು, ನಾದಿನಿಯ ಜೊತೆ ಸೇರಿ ಸೀರೆ ನೇಯಿಸುತ್ತಾರೆ. ಈ ಸಲ ಬಂದ ನೂಲು ಮಗ್ಗದ ಮೇಲೆ ನಿಲ್ಲುತ್ತಲೇ ಇಲ್ಲ, ಎಳೆ ಪಟಪಟ ಹರಿಯುತ್ತದೆ. ಅದನ್ನು ಮಾರಿದ ಏಜೆಂಟನದು ಒಂದೇ ಮಾತು: "ನೂಲ ಛಲೋ ಐತ್ರಿ, ನಿಮ್ಮ ಮಗ್ಗಾನ ಹಳೇವು." ಗುರುವಾರ ಬರುತ್ತೇನೆ, ನೂಲು ಕಳಪೆ ಎಂದು ಲ್ಯಾಬಿನ ವರದಿ ತೋರಿಸಿದರೆ ಇಡೀ ಲಾಟ್ ಬದಲಿಸಿಕೊಡುತ್ತೇನೆ ಎಂದಿದ್ದ. ವರದಿ ಇಲ್ಲದಿದ್ದರೆ ಅದೇ ನೂಲು ಗತಿ. ಮಗ್ಗ ನಿಂತರೆ ನೇಯುವವರು ಬೇರೆಯವರ ಮಗ್ಗಕ್ಕೆ ಹೋಗುತ್ತಾರೆ. ಹೋದವರು ಸುಮ್ಮನೆ ತಿರುಗಿ ಬರುತ್ತಾರೆಯೇ?

ನಮಗೆ ಇದು ಚಹಾ ಆರುವುದರೊಳಗೆ ಮುಗಿಯುವ ಕೆಲಸ. ಯಂತ್ರ ನೂಲನ್ನು ಎಳೆಯುತ್ತದೆ, ನೂಲು ತುಂಡಾಗುತ್ತದೆ, ಎಷ್ಟು ಭಾರಕ್ಕೆ ತುಂಡಾಯಿತು ಎಂದು ಕಂಪ್ಯೂಟರ್ ಗ್ರಾಫ್ ಬಿಡಿಸಿ ತೋರಿಸುತ್ತದೆ. ನಡುವೆ ಒಂದು ಹಸಿರು ಫಲಕ, ಡೇಟಾ ಅಕ್ವಿಜಿಷನ್ ಕಾರ್ಡ್. ಯಂತ್ರ ಕಳಿಸುವ ವೋಲ್ಟೇಜನ್ನು ಕಂಪ್ಯೂಟರಿಗೆ ತಿಳಿಯುವ ಅಂಕಿಯಾಗಿ ಬದಲಿಸುವ ದುಭಾಷಿ ಅದು. ಹಳೆಯ ಕಂಪ್ಯೂಟರ್ ಏಳುವಾಗ ನರಳುತ್ತಿತ್ತು, ನಿಜ. ಆದರೆ ಏಳುತ್ತಿತ್ತು.

ಹೊಸದು ಬಂದದ್ದು ಖಂಡೇನವಮಿಯ ಹೊತ್ತಿಗೆ. ನಮ್ಮ ಕಡೆ ಅಂದು ಪೂಜೆಯಾಗದ ಯಂತ್ರವೇ ಇಲ್ಲ: ಮಗ್ಗ, ಟ್ರ್ಯಾಕ್ಟರ್, ಹಿಟ್ಟಿನ ಗಿರಣಿ, ಕಾಲೇಜಿನ ಪ್ರಿಂಟರ್. ಪ್ರಿನ್ಸಿಪಾಲರು ಹೇಳಿದರು, "ಪೂಜಾಕ್ಕ ಹೊಸಾದ ಕುಂದ್ರಬೇಕು ನೋಡ್ರಿ. ಹಳೇದನ್ನ ಎಕ್ಸ್‌ಚೇಂಜ್ ಕೊಟ್ಟಬಿಡ್ರಿ."

ಕೊಟ್ಟುಬಿಟ್ಟೆ. ಕಾರ್ಡನ್ನು ಮಾತ್ರ ಬಿಚ್ಚಿಟ್ಟುಕೊಂಡೆ. ಹೊಸದರಲ್ಲಿ ಅದು ಕೂರುವ ಸ್ಲಾಟ್ ಇರಲೇಬೇಕು ಎಂದು ಅಂಗಡಿಯವರಿಗೆ ಫೋನ್ ಮಾಡಿ ಮಾಡಿ, ಅವರು ನನ್ನ ನಂಬರ್ ಕಂಡರೆ ಎತ್ತುವುದನ್ನೇ ಬಿಟ್ಟಿದ್ದರು. (ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಮುಧೋಳದ ಮದುವೆಯಲ್ಲಿ ಊಟ ಬಿಟ್ಟು ಜಮಖಂಡಿಗೆ ಮರಳಿದವನು ನಾನು. ಬಂದ್ ಮಾಡಿದ್ದೆ.)

ಎಲ್ಲ ಚಿಂತೆ ಮುಗಿದ ಮೇಲೆ ಹೊಸದೊಂದು ಚಿಂತೆ ಹುಟ್ಟಿತು. ಎಲ್ಲಕ್ಕೂ ಪೂಜೆಯಾಗಿ, ಪಾಪ, ಕಾರ್ಡಿಗೆ ಆಗದೇ ಉಳಿದರೆ? ಡಬ್ಬಿಯೊಳಗೆ ಹೋದ ಮೇಲೆ ಕುಂಕುಮ ಅದನ್ನು ಮುಟ್ಟುವುದಾದರೂ ಹೇಗೆ? ಹೀಗಾಗಿ ಒಳಗೆ ಕೂರಿಸುವ ಮೊದಲೇ ಅದನ್ನು ತಟ್ಟೆಯಲ್ಲಿಟ್ಟು, ನೀರಲ್ಲಿ ಕಲಸಿದ ಅರಿಷಿಣ ಕುಂಕುಮ ಹಚ್ಚಿದೆ. ಬೆರಳು ಹೋದದ್ದು ನೇರವಾಗಿ ಹೊಳೆಯುವ ಕಡೆಗೆ. ಕಾರ್ಡಿನಲ್ಲಿ ಹೊಳೆಯುವುದು ಅದರ ಅಂಚಿನ ಚಿನ್ನದ ಲೇಪದ ಹಲ್ಲುಗಳು. ಕರೆಂಟ್ ಹರಿಯುವುದು ಆ ಹಲ್ಲುಗಳ ಮೂಲಕವೇ. ಒಣಗಲು ಬಿಡಬೇಕಿತ್ತು, ಆದರೆ ಮುಹೂರ್ತ ಮೀರುತ್ತಿತ್ತು. ಹಸಿ ಇರುವಾಗಲೇ ಸ್ಲಾಟಿಗೆ ಒತ್ತಿ, ಸ್ವಿಚ್ ಹಾಕಿ ಕಾಯಿ ಒಡೆದೆವು. ಫೋಟೋ ಚೆನ್ನಾಗಿ ಬಂದಿದೆ.

ರಜೆ ಕಳೆದು ಮಂಗಳವಾರ ಮಹಾದೇವಕ್ಕ ನೂಲಿನ ಕೋನು ಹಿಡಿದು ಬಂದರು. ನೋಡಿದರೆ, ಕಂಪ್ಯೂಟರಿಗೆ ಕಾರ್ಡಿನ ಗುರುತೇ ಹತ್ತುತ್ತಿಲ್ಲ. ಎಲೆಕ್ಟ್ರಾನಿಕ್ಸ್ ವಿಭಾಗದ ಕುಲಕರ್ಣಿಯವರನ್ನು ಕರೆದೆ. ಅವರು ಕಾರ್ಡ್ ಹೊರತೆಗೆದು, ಅದರ ಕೆಂಪು ಹಲ್ಲುಗಳನ್ನು ಬೆಳಕಿಗೆ ಹಿಡಿದು ನೋಡಿದರು.

"ಅರೇ ದೇವಾ. ಎಲಿ ಅಡಿಕಿ ಹಾಕ್ಕೊಂಡದ ಏನ್ರೀ ನಿಮ್ಮ ಕಾರ್ಡು?"

"ಪೂಜಿ ಮಾಡಿದ್ದೆರೀ."

"ಹಂಗಾದ್ರ ಎರಡ ಊದಿನಕಡ್ಡಿನೂ ಸಿಗಿಸಬೇಕಿತ್ತಲ್ರೀ. ಖಾಲಿ ಸ್ಲಾಟ್ ಅವ."

ರಬ್ಬರಿನಿಂದ ತಿಕ್ಕಿದೆವು. ಸ್ಪಿರಿಟ್ ಹಚ್ಚಿ ಒರೆಸಿದೆವು. ಈಗ ಕಾರ್ಡ್ ಕಂಡಿತು, ಆದರೆ ಪಕ್ಕದಲ್ಲಿ ಹಳದಿ ಗುರುತು. ಅದನ್ನು ನಡೆಸುವ ಡ್ರೈವರ್ ಸಾಫ್ಟ್‌ವೇರನ್ನು ಹೊಸ ವಿಂಡೋಸ್ ಒಳಗೇ ಬಿಟ್ಟುಕೊಳ್ಳಲಿಲ್ಲ. ಬೇರೊಂದು ಆವೃತ್ತಿ ಹುಡುಕಿ ಹಾಕಿದೆವು. ಹಳದಿ ಗುರುತು ಮಾಯವಾಯಿತು. ಎಂಥ ಆನಂದ! ಮಹಾದೇವಕ್ಕನಿಗೂ ಸೇರಿಸಿ ಚಹಾ ಹೇಳಿದೆ.

ನೂಲು ಬಿಗಿದು ಯಂತ್ರ ಚಾಲೂ ಮಾಡಿದೆ. ಅದು ಎಳೆಯಿತು, ನೂಲು ಹರಿಯಿತು. ಪರದೆಯ ಮೇಲಿನ ಗೆರೆ ಮಾತ್ರ ಹತ್ತು ವೋಲ್ಟಿನಲ್ಲಿ, ಅಂದರೆ ಕಾರ್ಡ್ ಅಳೆಯಬಲ್ಲ ಕೊನೆಯ ಮಟ್ಟದಲ್ಲಿ, ನೆಟ್ಟಗೆ ನಿಂತಿತ್ತು. ತಂತಿ ಬಿಚ್ಚಿದೆವು, ಹತ್ತು. ಕಾರ್ಡಿನ ಬೇರೆ ಚಾನೆಲ್‌ಗೆ ಹಾಕಿದೆವು, ಹತ್ತು. ಒಳಬರುವ ಎರಡು ತುದಿಗಳನ್ನು ಒಂದಕ್ಕೊಂದು ಕೂಡಿಸಿದರೆ ಸೊನ್ನೆ ಬರಲೇಬೇಕು. ಬಂದದ್ದು ಹತ್ತೇ. ಕುಲಕರ್ಣಿಯವರು ಸ್ಕ್ರೂಡ್ರೈವರ್ ಕೆಳಗಿಟ್ಟರು. ಮನೆಯವರ ಮುಂದೆ ವೈದ್ಯರು ಕನ್ನಡಕ ತೆಗೆಯುತ್ತಾರಲ್ಲ, ಹಾಗೆ.

"ಏನ ಅಂತೈತ್ರೀ ಸರ ಅದು?" ಮಹಾದೇವಕ್ಕ ಕೇಳಿದರು.

"ನೂಲ ಭಾಳ ಗಟ್ಟಿ ಐತಿ ಅಂತೈತಿ."

"ಏಜೆಂಟ ನನಕಿಂತ ಮದ್ಲ ಅದಕ್ಕ ಫೋನ್ ಮಾಡ್ಯಾನೇನ್ರೀ?"

ನಗು ಬಂತು. ನಕ್ಕವರು ಅವರು ಮಾತ್ರ ಅಲ್ಲ, ಆದರೆ ಮೊದಲು ನಿಲ್ಲಿಸಿದವರು ಅವರೇ.

ಹಳೆಯ ಕಂಪ್ಯೂಟರಿನಲ್ಲಿ ಒಮ್ಮೆ ಕಾರ್ಡ್ ಹಾಕಿ ನೋಡೋಣ ಎಂದು ಬುಧವಾರ ಅಂಗಡಿಗೆ ಓಡಿದೆ. "ಅದನ್ನ ಬಿಚ್ಚಿ ಮಾರೇವ್ರಿ ಸರ. ಬೋರ್ಡ ಒಬ್ರಿಗೆ ಹೋತು, ಡಿಸ್ಕ ಇನ್ನೊಬ್ರಿಗೆ." ಕಾರ್ಡಿನ ಕಂಪನಿಗೆ ಫೋನ್ ಹಚ್ಚಿದರೆ, ಆ ಮಾಡೆಲ್ ಈಗ ಬರುವುದೇ ಇಲ್ಲ. ಇಚಲಕರಂಜಿಯ ಲ್ಯಾಬಿಗೆ ನೂಲು ಕಳಿಸಿದರೆ ವರದಿ ಬರಲು ವಾರ ಬೇಕು.

ಕಡೆಗೆ ನೂಲಿಗೆ ಕೈಯಾರೆ ತೂಕದ ಕಲ್ಲು ನೇತುಹಾಕಿ ನೋಡಿದೆವು. ನೂಲು ಕಳಪೆ, ಸಂಶಯವೇ ಇಲ್ಲ. ಅಷ್ಟನ್ನೂ ಕಾಗದದ ಮೇಲೆ ಬರೆದು, ಸಹಿ ಹಾಕಿ, ಸೀಲು ಒತ್ತಿಕೊಟ್ಟೆ. ಗುರುವಾರ ಬಂದ ಏಜೆಂಟ್ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದ್ದು ಇಷ್ಟೇ ಅಂತೆ: "ಗ್ರಾಫ ಎಲ್ಲೈತಿ?"

ಹೊಸದು ನಡೆಯುತ್ತದೆಯೋ ಇಲ್ಲವೋ ಎಂದು ನೋಡುವ ಮೊದಲೇ ಹಳೆಯದನ್ನು ಹೊರಗೆ ಹಾಕುವ ಈ ಅವಸರ ನಮಗೆ ಎಲ್ಲಿಂದ ಅಂಟಿತು? ಫೋನು, ಬ್ಯಾಂಕಿನ ಆ್ಯಪು, ಆಸ್ಪತ್ರೆಯ ಚೀಟಿ ವ್ಯವಸ್ಥೆ, ಎಲ್ಲ ಕಡೆಯೂ ಇದೇ ಕತೆ. ಬದಲಿಸುವವರು ಒಬ್ಬರು, ಸಾಲಿನಲ್ಲಿ ನಿಲ್ಲುವವರು ಇನ್ನೊಬ್ಬರು. ಈ ಸಲ ಬದಲಿಸಿದವನು ನಾನು.

ಸಂಜೆ ಮಹಾದೇವಕ್ಕನಿಗೆ ಫೋನ್ ಮಾಡಿದೆ. ಬೈದಿದ್ದರೆ ಊಟವಾದರೂ ಸೇರುತ್ತಿತ್ತು.

"ಇರ್ಲಿ ಬಿಡ್ರಿ ಸರ, ನೀವರ ಏನ ಮಾಡ್ತೀರಿ. ಎಳಿ ಹರಿದಲ್ಲೆ ಗಂಟ ಹಾಕ್ಕೋತ ಎರಡ ಮಗ್ಗ ನಡಿಸೇವಿ. ಉಳಿದೆರಡು ನಿಂತಾವು. ಅವನ್ನ ನಡಿಸೋ ಮಂದಿ ಬನಹಟ್ಟಿ ಕಡೆ ಹೋದ್ರು."

ಶುಕ್ರವಾರ ಪ್ರಿನ್ಸಿಪಾಲರು ಪೂಜೆಯ ಫೋಟೋವನ್ನು ಸ್ಟಾಫ್ ಗ್ರೂಪಿಗೆ ಹಾಕಿ ಬರೆದರು: ನಮ್ಮ ಟೆಸ್ಟಿಂಗ್ ಲ್ಯಾಬ್ ಈಗ ಸಂಪೂರ್ಣ ಆಧುನಿಕ. ಕೆಳಗೆ ಮೇಲೆತ್ತಿದ ಹೆಬ್ಬೆರಳುಗಳ ಸಾಲು.

ಅದರಲ್ಲಿ ಒಂದು ನನ್ನದು.