ಮಸ್ಕಿ ಬಸ್ಸಿನಲ್ಲಿ ಬಂದ ರ್‍ಯಾಮ್

ಪೆನ್ಸಿಲ್ ರಬ್ಬರಿನ ವಾಸನೆಗೆ ಎಲ್ಲರಿಗೂ ಶಾಲೆ ನೆನಪಾಗುತ್ತದಂತೆ. ನನಗೆ ಮಸ್ಕಿಯ ರಿಪೇರಿಯವರು ನೆನಪಾಗುತ್ತಾರೆ. ಹೋದ ವಾರ ಅಂಗಡಿಯ ಹಳೆಯ ಕಂಪ್ಯೂಟರು ಮತ್ತೆ ಹಟ ಹಿಡಿಯಿತು. ಒಳಗಿನ ರ್‍ಯಾಮ್ ಪಟ್ಟಿ ಕಿತ್ತು, ಅದರ ಬಂಗಾರದ ಬಣ್ಣದ ಅಂಚನ್ನು ರಬ್ಬರಿನಿಂದ ತಿಕ್ಕುತ್ತ ಕುಳಿತಿದ್ದೆ. ಹಾಗೆ ತಿಕ್ಕುವುದನ್ನು ಕಲಿಸಿದವರು ಅವರೇ.

ಸಿಂಧನೂರಿನಲ್ಲಿ ಲಗ್ನಪತ್ರಿಕೆ ಟೈಪ್ ಮಾಡಿಕೊಡುವ ಅಂಗಡಿಯನ್ನು ನಾನು ಇಟ್ಟು ಆಗಿನ್ನೂ ವರ್ಷವೂ ತುಂಬಿರಲಿಲ್ಲ. ಕಂಪ್ಯೂಟರು ಸೆಕೆಂಡ್ ಹ್ಯಾಂಡು. ನನ್ನ ಕನ್ನಡ ಅಕ್ಷರಗಳ ಸಾಫ್ಟ್‌ವೇರು ಅದರಲ್ಲಿ ಬಿಟ್ಟರೆ ಬೇರೆಲ್ಲೂ ಓಡದು, ಹೀಗಾಗಿ ಹೊಸದರ ಮಾತೇ ಇಲ್ಲ. ಮದುವೆಗಳ ಸುಗ್ಗಿಯ ದಿನಗಳಲ್ಲಿ ಒಂದು ಗಣಪತಿಯ ಚಿತ್ರ ಹಾಕಿದರೆ ಸಾಕು, ಪರದೆ ನಿಂತಲ್ಲೇ ನಿಲ್ಲುತ್ತಿತ್ತು. ರ್‍ಯಾಮ್ ಹೆಚ್ಚಿಸಬೇಕು ಎಂದರು ನೋಡಿದವರು. ಆದರೆ ಅಷ್ಟು ಹಳೆಯದು ಸಿಂಧನೂರಿನಲ್ಲೂ ಇರಲಿಲ್ಲ, ಲಿಂಗಸುಗೂರಿನಲ್ಲೂ ಇರಲಿಲ್ಲ. ಕೆಟ್ಟ ಕಂಪ್ಯೂಟರುಗಳ ಭಾಗಗಳನ್ನೆಲ್ಲ ಬಿಸ್ಕತ್ತಿನ ಡಬ್ಬಿಗಳಲ್ಲಿ ಕೂಡಿಟ್ಟವರು ಮಸ್ಕಿಯಲ್ಲಿ ಒಬ್ಬರಿದ್ದಾರೆ ಎಂದು ಯಾರೋ ನಂಬರು ಕೊಟ್ಟರು.

ಫೋನಿನಲ್ಲಿ ಅವರು ಕೇಳಿದ್ದು ಒಂದೇ. "ಮುಚ್ಚಳ ಬಿಚ್ಚಿ, ಒಳಗ ಬೋರ್ಡಿನ ಮ್ಯಾಲೆ ಏನ್ ಬರದೈತಿ ನೋಡಿ ಹೇಳ್ರಿ ಅಕ್ಕಾರ."

ಮುಚ್ಚಳ ಬಿಚ್ಚಲು ನನಗೆ ಹೆದರಿಕೆ. ಹೊರಗೆ ಅಂಟಿಸಿದ್ದ ಚೀಟಿ ಓದಿ ಹೇಳಿ, ಒಳಗೇ ನೋಡಿದೆ ಎಂದೆ. ಮರುದಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ, ಪೇಪರಿನಲ್ಲಿ ಸುತ್ತಿದ ರ್‍ಯಾಮ್ ಬಂತು. ನಮ್ಮ ಕಡೆ ಬುತ್ತಿ, ಔಷಧಿ ಎಲ್ಲ ಬರುವುದೇ ಹಾಗೆ. ಪಕ್ಕದ ಮೊಬೈಲ್ ಅಂಗಡಿಯವನು ಕೂರಿಸಲು ನೋಡಿದ; ಕೂಡಲಿಲ್ಲ. ಎರಡನೆಯದನ್ನು ಕಳಿಸಿದರು, ಅದೂ ಕೂಡಲಿಲ್ಲ. ಅಷ್ಟರಲ್ಲಿ ತುರ್ವಿಹಾಳದ ಹೆಣ್ಣಿನ ಕಡೆಯವರು ಪತ್ರಿಕೆಗೆ ಬಂದು ಕುಳಿತಿದ್ದರು. ಇವತ್ತು ಆಗದಿದ್ದರೆ ಬೇರೆ ಕಡೆ ಹೋಗುತ್ತೇವೆ ಎಂದರು. ನಾನು ಅವರಿಗೆ ಕೇಳಿಸುವಂತೆಯೇ ಫೋನಿನಲ್ಲಿ, ಕೈಗೆ ಸಿಕ್ಕ ಗುಜರಿ ಕಳಿಸುತ್ತೀರಿ ಎಂದು ಕೂಗಾಡಿದೆ.

ಮುಂದಿನ ಬಸ್ಸಿಗೆ ಅವರೇ ಒಂದು ಡಬ್ಬಿ ಹಿಡಿದು ಬಂದರು. ಮುಚ್ಚಳ ಬಿಚ್ಚಿದರು. ಮೇಲೆ ತಳುಕು, ಒಳಗೆ ಹುಳುಕು... ನನಗೆ ಮಾರಿದವನು ಹೊಸ ಕ್ಯಾಬಿನೆಟ್ಟಿನಲ್ಲಿ ಚೀಟಿಯಲ್ಲಿ ಬರೆದದ್ದಕ್ಕಿಂತ ಹಳೆಯ ಬೋರ್ಡು ಕೂರಿಸಿದ್ದ. ರಿಪೇರಿಯವರು ಬೋರ್ಡು ನೋಡಿದರು, ಹೊರಗಿನ ಚೀಟಿ ನೋಡಿದರು, ಆಮೇಲೆ ನನ್ನನ್ನು ನೋಡಿದರು. ತಪ್ಪು ಯಾರದೆಂದು ತುರ್ವಿಹಾಳದ ಹಿರಿಯರು ಕೇಳಿದರು.

"ನಂದಾ ತಪ್ಪ್ರಿ ಯಜಮಾನ್ರ. ಬ್ಯಾರೆ ನಮೂನಿದು ಕಳಿಸಿದ್ದೆ."

ಹಿರಿಯರು ಅವರಿಗೆ ನಾಲ್ಕು ಮಾತು ಅಂದರು. ಅವರು ಹೂಂ ಎನ್ನುತ್ತ ಡಬ್ಬಿಯಿಂದ ಸರಿಯಾದ ರ್‍ಯಾಮ್ ಹುಡುಕಿ, ಅಂಚು ತಿಕ್ಕಿ ಕೂರಿಸಿದರು. ನಾನು ಬಾಯಿ ಬಿಡಲಿಲ್ಲ. ಪತ್ರಿಕೆ ಅವತ್ತೇ ತಯಾರಾಯಿತು, ತುರ್ವಿಹಾಳದ ಗಿರಾಕಿಗಳು ನನಗೆ ಖಾಯಂ ಆದರು. ಮಸ್ಕಿಯವನ ಮಾಲು ನಂಬಬೇಡಿ ಎಂಬ ಮಾತು ಆ ಕಡೆ ಹಬ್ಬಿದ್ದು ನನ್ನ ಕಿವಿಗೂ ಬಿತ್ತು. ಅವರ ಹತ್ತಿರ ರಿಪೇರಿಗೆ ಹೋಗುವವರು ಕಡಿಮೆಯಾದರು.

ಆಮೇಲೂ ಎಷ್ಟೋ ಸಲ ಕರೆದಾಗ ಬಂದರು. ಆ ದಿನದ ಮಾತು ಅವರು ಎತ್ತಲಿಲ್ಲ. ನಾನಾದರೂ ಎತ್ತಬೇಕಿತ್ತು. ಇವತ್ತು ಹೇಳಿದರಾಯಿತು, ಮುಂದಿನ ಸಲ ಹೇಳಿದರಾಯಿತು... ಕೊನೆಗೆ ಕಂಪ್ಯೂಟರು ಸುಮ್ಮನೆ ನಡೆಯತೊಡಗಿತು, ಕರೆಯುವುದೂ ನಿಂತಿತು.

ಹೋದ ವಾರ ಎಷ್ಟು ತಿಕ್ಕಿದರೂ ಕಂಪ್ಯೂಟರು ಏಳಲಿಲ್ಲ. ಮಸ್ಕಿಗೆ ಹೋದೆ. ಅಂಗಡಿಗೆ ಬೀಗ ಬಿದ್ದಿತ್ತು. ಅದರ ಹಿಂದಿನ ಮನೆಯಲ್ಲಿ ಅವರ ಹೆಂಡತಿ ಇದ್ದರು. ರಿಪೇರಿಯವರು ತೀರಿಕೊಂಡು ಎರಡು ವರ್ಷವಾಯಿತಂತೆ. ನಾನು ಕಟ್ಟೆಯ ಮೇಲೆ ಕುಳಿತು, ಅವತ್ತು ಆದದ್ದನ್ನೆಲ್ಲ ಆಕೆಗೆ ಹೇಳಿದೆ. ನಾಚಿಕೆಯಿಂದ ಆಕೆಯ ಮುಖ ನೋಡಲಾಗಲಿಲ್ಲ.

"ಗೊತ್ತೈತ್ರಿ," ಎಂದರು ಆಕೆ. "ಅವತ್ತಾ ಮನಿಗೆ ಬಂದು ಹೇಳಿದ್ರು. ಗಿರಾಕಿ ಮುಂದ ಆಕಿ ಮಾತು ಸುಳ್ಳಾದ್ರ ಹೊಸ ಅಂಗಡಿ ಏಳಂಗಿಲ್ಲ, ನಂದು ಹೆಂಗರ ನಡೀತೈತಿ ಅಂದ್ರು."

ಅವರದು ನಡೆಯಲಿಲ್ಲ. ಅದು ಆಕೆಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಚಹಾ ಕುಡಿದು ಹೋಗಿ ಎಂದು ಆಕೆ ಒಳಗೆ ಹೋದರು.