ಗ್ರಿಡ್ ಕಾಯುವ ರಿಲೇ

ಇವತ್ತು ಅಪ್ಪ ತಮ್ಮ ಹಳೆಯ ಹ್ಯಾಮ್ ರೇಡಿಯೊದ ಆಂಪ್ಲಿಫೈಯರ್ ಹಚ್ಚಿದರು. ಅದರ ಬಿಸಿ ಗಾಜಿನ ವಾಲ್ವಿನ ಮೇಲೆ ಧೂಳು ಕಾಯುವ ವಾಸನೆಗೆ ನಾನು ನೆನಪಿನಲ್ಲೇ, ಚಿಕ್ಕಂದಿನಲ್ಲಿ ನಾವಿದ್ದ ವಿಶಾಖಪಟ್ಟಣದ ನೌಕಾಪಡೆ ಕ್ವಾರ್ಟರ್ಸಿಗೆ ಹೋಗಿಬಿಟ್ಟೆ.

ಅಲ್ಲಿ ಅಪ್ಪ ಸಂಜೆ ಹೊತ್ತು ವಿಜಯವಾಡದ ಗೆಳೆಯರೊಬ್ಬರ ಜೊತೆ ರೇಡಿಯೊದಲ್ಲಿ ಮಾತಾಡುತ್ತಿದ್ದರು. ಆಚೆಯವರಿಗೆ ಕೇಳಿಸದಿದ್ದರೆ ಆಂಪ್ಲಿಫೈಯರಿಗೆ ಕೊಡುವ ಸಿಗ್ನಲ್ಲನ್ನು, ಅಂದರೆ ಡ್ರೈವನ್ನು, ಏರಿಸಲು ಅವರ ಕೈ ಹೋಗುತ್ತಿತ್ತು. ಆದರೆ ವಾಲ್ವಿನೊಳಗಿನ ಗ್ರಿಡ್ ಅದನ್ನು ತಾಳುವುದಿಲ್ಲ. "ಕೂದಲೆಳಿಯಷ್ಟ ಸಣ್ಣ ತಂತಿ ಅದು. ಸುಟ್ಟಿತಂದ್ರ ವಾಲ್ವೇ ಹೋತು," ಎನ್ನುತ್ತಿದ್ದರು. ಅದಕ್ಕೇ ಒಂದು ರಿಲೇ ಕೂರಿಸಿದ್ದರು. ಗ್ರಿಡ್ಡಿನ ಕರೆಂಟು ಮಿತಿ ಮೀರಿದರೆ ಅದು ಟಕ್ ಎಂದು ಆಂಪ್ಲಿಫೈಯರನ್ನು ಬಂದ್ ಮಾಡುತ್ತಿತ್ತು. ಅಪ್ಪ ಡ್ರೈವ್ ತಗ್ಗಿಸಿ, ಗುಂಡಿ ಒತ್ತಿ, ಮೊದಲಿನಿಂದ ಕರೆಯುತ್ತಿದ್ದರು.

ಅವ್ವ ಆ ರಿಲೇಯ ಟಕ್ಕನ್ನು ಮನೆಗೆಲ್ಲ ಹಬ್ಬಿಸಿದಳು. ನನಗೆ ಲೆಕ್ಕ ಹೇಳಿಕೊಡುವಾಗ ಅಪ್ಪನ ದನಿ ಏರಿದರೆ ಅಡುಗೆಮನೆಯಿಂದಲೇ "ಟಕ್!" ಎನ್ನುತ್ತಿದ್ದಳು. ಅಪ್ಪ ಮೆಲ್ಲಗೆ ಮತ್ತೆ ಹೇಳಿಕೊಡುತ್ತಿದ್ದರು.

ಈಗ ಅಪ್ಪನಿಗೆ ಕಿವಿ ಮಂದ. "ಗುಳಿಗಿ ತೊಗೊಂಡ್ರೇನು?" ಎಂದು ಕೇಳಿ ಕೇಳಿ ಸಾಕಾಗಿ, ಕೊನೆಗೆ ಕಿರುಚಿಯೇಬಿಟ್ಟೆ. ಅವರು ಆಂಪ್ಲಿಫೈಯರಿನ ಮೀಟರಿನಿಂದ ಕಣ್ಣು ತೆಗೆಯದೆ, "ಟಕ್," ಎಂದರು.

ನಾನು ಅವರ ಪಕ್ಕ ಕೂತೆ. ಕಿವಿಯ ಹತ್ತಿರ ಬಗ್ಗಿ, ದನಿ ತಗ್ಗಿಸಿ, ಮೊದಲಿನಿಂದ ಕೇಳಿದೆ.